ಬಾಯಲ್ಲಿ ಗೋಲಿ, ಕಿವಿಯಲ್ಲಿ ಜಗಳ

ಪ್ರಶ್ನೆ: ನನಗೆ 51 ವರ್ಷ, ಊರು ಶಿವಮೊಗ್ಗ. ಕಾಲೇಜು ದಿನಗಳಿಂದ ಇಂಗ್ಲಿಷ್ ರಾಕ್ ಹಾಡುಗಳ ಹುಚ್ಚು. ಈಗ ಅಕ್ಕನ ಮಗನಿಗೂ ಅದೇ ಹುಚ್ಚು ಹತ್ತಿದೆ. ವಿಯರ್ಡ್ ಆಲ್ ಯಾಂಕೊವಿಕ್ ಅವರ ‘ಸ್ಮೆಲ್ಸ್ ಲೈಕ್ ನಿರ್ವಾಣ’ ಎಂಬ ತಮಾಷೆ ಹಾಡಿನಲ್ಲಿ, ಬಾಯಲ್ಲಿ ಗೋಲಿಗಳಿವೆ ಅಂತ ಹೇಳುವ ಮುಂಚೆ ಒಂದು ಸಾಲು ಬರುತ್ತದೆ. ನನಗೆ ಅದು ‘ಬಾರ್ಗೇನ್ ಆಲ್ ದಿ ಹೌಸ್’ ಅಂತ ಕೇಳಿಸುತ್ತದೆ. ಅವನು ‘ಬಾಟಲ್ ನಾಟ್ ಲೂಸ್’ ಅಂತಾನೆ. ಗೆಳೆಯರನ್ನೂ ಕೂರಿಸಿಕೊಂಡು ಮತ್ತೆ ಮತ್ತೆ ಹಾಕಿ ಕೇಳಿದೆವು. ಎರಡು ಪಕ್ಷ ಆಯಿತೇ ಹೊರತು ತೀರ್ಮಾನ ಆಗಲಿಲ್ಲ. ‘ಮಾವ, ಮೊದಲು ನಿಮ್ಮ ಕಿವಿ ಟೆಸ್ಟ್ ಮಾಡಿಸಿ’ ಅಂತ ಬೇರೆ ರೇಗಿಸುತ್ತಾನೆ. ಯಾರು ಸರಿ? ಒಂದೇ ಸದ್ದು ಇಬ್ಬರಿಗೆ ಬೇರೆ ಬೇರೆ ಪದವಾಗಿ ಕೇಳುವುದು ಹೇಗೆ? ನನ್ನ ಕಿವಿ ನಿಜವಾಗಿ ಕೆಟ್ಟಿದೆಯಾ? ಇನ್ನೊಂದು ವಿಷಯ, ಈ ಸಲದ ಗಣೇಶನ ಕಾರ್ಯಕ್ರಮದಲ್ಲಿ ಅವನ ಬ್ಯಾಂಡು ಇದೇ ಹಾಡು ಹಾಡುತ್ತದಂತೆ. ಆ ಜಾಗದಲ್ಲಿ ಏನು ಹಾಡಬೇಕು?

ಉತ್ತರ: ಇಬ್ಬರೂ ಸೋತಿದ್ದೀರಿ. ಆ ಜಾಗದಲ್ಲಿ ಪದವೇ ಇಲ್ಲ!

ಅಚ್ಚಾದ ಸಾಹಿತ್ಯದಲ್ಲಿ ಅಲ್ಲಿರುವುದು ‘ಬಾರ್ಗಲ್ ನಾಡಲ್ ಝೌಸ್’. ಯಾವ ಡಿಕ್ಷನರಿಯಲ್ಲೂ ಸಿಗದ ಮೂರು ಸದ್ದುಗಳು. ಬಾಯಿತುಂಬ ಗೋಲಿ ಇಟ್ಟುಕೊಂಡು ಹಾಡುವುದು ಕಷ್ಟ ಅಂತ ಹೇಳಲು ಹೊರಟವನಿಗೆ ಆ ಮಾತೇ ಬಾಯಿಂದ ನೆಟ್ಟಗೆ ಹೊರಡುವುದಿಲ್ಲ. ತಮಾಷೆ ಇರುವುದೇ ಅಲ್ಲಿ. ಹಾಗಾಗಿ ನಿಮ್ಮ ‘ಹೌಸ್’ ಕೂಡ ತಪ್ಪು, ಅಳಿಯನ ‘ಲೂಸ್’ ಕೂಡ ತಪ್ಪು. ಆದರೂ ನಿಮಗೆ ಅರ್ಧ ಮಾರ್ಕು ಜಾಸ್ತಿ ಕೊಡುತ್ತೇನೆ. ಕಾರಣ ಮುಂದೆ ಹೇಳುತ್ತೇನೆ, ಅವನನ್ನು ರೇಗಿಸಲು ನಿಮಗೂ ಒಂದು ಅಸ್ತ್ರ ಬೇಕಲ್ಲ.

ಈ ಹಾಡು ಹುಟ್ಟಿದ್ದೇ ಕೇಳುಗರ ಪರದಾಟದಿಂದ. 1991ರಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಆಲ್ಬಮ್ ಬಂತು. ಅದರ ಮೊದಲ ಹಾಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಎಲ್ಲರ ಬಾಯಲ್ಲೂ ಬಂತು, ಆದರೆ ಪದಗಳು ಮಾತ್ರ ಯಾರ ಬಾಯಲ್ಲೂ ಸರಿಯಾಗಿ ಬರಲಿಲ್ಲ. ಕರ್ಟ್ ಕೋಬೇನ್ ಏನು ಹಾಡುತ್ತಿದ್ದಾರೆ ಅಂತ ಇಂಗ್ಲಿಷ್ ಮನೆಮಾತಿನವರಿಗೇ ತಿಳಿಯುತ್ತಿರಲಿಲ್ಲ. ಆಲ್ಬಮ್ ಜೊತೆ ಬಂದ ಹಾಳೆಯಲ್ಲಿ ಅಲ್ಲಿಂದ ಇಲ್ಲಿಂದ ಹೆಕ್ಕಿದ ಸಾಲುಗಳಿದ್ದವು ಅಷ್ಟೆ. ಪೂರ್ತಿ ಸಾಹಿತ್ಯ ಅಚ್ಚಾಗಿದ್ದು ಮರುವರ್ಷ, ‘ಲಿಥಿಯಮ್’ ಸಿಂಗಲ್ ಜೊತೆಗೆ. ಆ ಖಾಲಿ ಜಾಗದಲ್ಲೇ ಯಾಂಕೊವಿಕ್ ಕೈ ಹಾಕಿದರು. ಬೇರೆಯವರ ಹಾಡಿನ ಧಾಟಿಗೆ ನಗೆಯ ಸಾಹಿತ್ಯ ಕಟ್ಟುವುದು ಅವರ ಕಸುಬು. ಕಟ್ಟುವ ಮುಂಚೆ ಮೂಲ ಹಾಡುಗಾರರ ಒಪ್ಪಿಗೆ ಕೇಳುವುದು ಅವರ ರೂಢಿ. ನಿರ್ವಾಣದವರು ಒಂದು ಟಿವಿ ಕಾರ್ಯಕ್ರಮಕ್ಕೆ ಬಂದಿದ್ದಾಗ ಫೋನಿನಲ್ಲೇ ಕೋಬೇನ್ ಅವರನ್ನು ಹಿಡಿದರು. ‘ಹಾಡು ಊಟದ ಬಗ್ಗೆ ಇರುತ್ತಾ?’ ಅಂತ ಕೋಬೇನ್ ಕೇಳಿದರಂತೆ. ಕೇಳುವುದರಲ್ಲಿ ತಪ್ಪಿಲ್ಲ, ಅಲ್ಲಿಯವರೆಗೆ ಯಾಂಕೊವಿಕ್ ಅವರ ಎಷ್ಟೋ ಅಣಕು ಹಾಡುಗಳು ತಿಂಡಿ ತಿನಿಸಿನ ಮೇಲೇ ಇದ್ದವು. ಇಲ್ಲ, ನಿಮ್ಮ ಸಾಹಿತ್ಯ ಯಾರಿಗೂ ಅರ್ಥ ಆಗುವುದಿಲ್ಲ ಅನ್ನುವುದರ ಬಗ್ಗೆ ಅಂದಾಗ ಕೋಬೇನ್ ನಕ್ಕು ಒಪ್ಪಿದರು. 1992ರ ಏಪ್ರಿಲ್‌ನಲ್ಲಿ ಹಾಡು ಬಂತು. ಗಿಟಾರ್ ಸೋಲೋ ಬರಬೇಕಾದ ಕಡೆ ನೀರಿನಲ್ಲಿ ಗಂಟಲು ಗಳಗಳ ಮಾಡುವ ಸದ್ದಿದೆ. ಅರ್ಥವಾಗದಿರುವುದೇ ಆ ಹಾಡಿನ ಅರ್ಥ. ನೀವು ಅದರೊಳಗೆ ಹೌಸು, ಬಾಟಲಿ ಹುಡುಕುತ್ತಿದ್ದೀರಿ.

ಹುಡುಕಿದರೆ ಸಿಕ್ಕೂಬಿಡುತ್ತದೆ, ನೋಡಿ. ನಿಮ್ಮ ಎರಡನೆಯ ಪ್ರಶ್ನೆ ಅದೇ.

ಹಾಡಿನ ಧಾಟಿ, ಏರಿಳಿತ ಹುಟ್ಟುವುದು ಗಂಟಲಿನ ಧ್ವನಿತಂತುಗಳಲ್ಲಿ. ಪದ ತಯಾರಾಗುವುದು ಬಾಯಲ್ಲಿ. ಬಾಯಿತುಂಬ ಎಲೆಅಡಿಕೆ ಹಾಕಿಕೊಂಡ ಹಿರಿಯರು ತಲೆ ಎತ್ತಿ, ತುಟಿ ಮುಚ್ಚಿಕೊಂಡೇ ಏನೋ ಹೇಳುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಬೈದರೋ, ಕರೆದರೋ, ಪ್ರಶ್ನೆ ಕೇಳಿದರೋ ಅಷ್ಟು ಗೊತ್ತಾಗುತ್ತದೆ. ಏನಂದರು ಅಂತ ಗೊತ್ತಾಗುವುದಿಲ್ಲ. ನಾಲಿಗೆಯ ತುದಿ ಹಲ್ಲಿಗೋ ಅಂಗುಳಕ್ಕೋ ತಾಗಲು ಜಾಗ ಸಿಗದಿದ್ದರೆ ತ, ದ, ಟ, ಡ, ಸ, ಲ ಎಲ್ಲ ಒಂದೇ ಮುದ್ದೆಯಾಗುತ್ತವೆ. ಅ, ಇ, ಉ, ಔ ಥರದ ಸ್ವರಗಳು ಮಾತ್ರ ಸುಮಾರಾಗಿ ಉಳಿದುಕೊಳ್ಳುತ್ತವೆ.

ನಿಮ್ಮ ಅರ್ಧ ಮಾರ್ಕಿನ ಕಾರಣ ಇದು. ವ್ಯಂಜನ ಕೈಕೊಟ್ಟರೂ ಔ ಎಂಬ ಸ್ವರವನ್ನು ನಿಮ್ಮ ಕಿವಿ ಹಿಡಿದಿದೆ. ಅದಕ್ಕೆ ಸಾಕ್ಷಿ ಪ್ರಾಸ. ಮುಂದಿನ ಸಾಲು ‘ಮೌತ್’ ಅಂತ ಮುಗಿಯುತ್ತದೆ. ಅದಕ್ಕೆ ‘ಹೌಸ್’ ಹೇಗೋ ಕೂಡಿಕೊಳ್ಳುತ್ತದೆ, ‘ಲೂಸ್’ ಎಷ್ಟು ಎಳೆದರೂ ಕೂಡುವುದಿಲ್ಲ. ಹಾಡಿನ ಪದದ ಬಗ್ಗೆ ಜಗಳ ಬಂದಾಗ ಮೊದಲು ನೋಡಬೇಕಾದ್ದು ಪ್ರಾಸ. ಹಾಡುಗಾರ ಎಷ್ಟೇ ನುಂಗಿದರೂ ಬರೆದವನು ಪ್ರಾಸ ಬಿಟ್ಟಿರುವುದಿಲ್ಲ.

ಮೂಲ ಹಾಡಿನಲ್ಲಿ ಗೋಲಿ ಇರಲಿಲ್ಲವಲ್ಲ, ಅದು ಯಾಕೆ ತಿಳಿಯುತ್ತಿರಲಿಲ್ಲ ಅಂತ ಕೇಳಬಹುದು. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕಕ್ಕೆ ಹರ್ಟ್ಸ್ ಅನ್ನುತ್ತಾರೆ. ಸ್ವರಗಳ ಗುರುತು ಹೆಚ್ಚಾಗಿ ಇರುವುದು ಸುಮಾರು 300ರಿಂದ 2,500 ಹರ್ಟ್ಸ್ ಒಳಗೆ. ಅಲ್ಲಿ ಸದ್ದಿನ ಬಲ ಜಾಸ್ತಿ. ‘ಸ’ಕಾರದ ಬಲವೆಲ್ಲ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ, ಅದೂ ಸಣ್ಣಗೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಬೇಕೆಂದೇ ಸದ್ದು ಒಡೆದು ಗರಗರ ಮಾಡಿದ ಗಿಟಾರು ಮತ್ತು ಡ್ರಮ್ಸಿನ ತಟ್ಟೆಗಳು ಆ ಮೇಲಿನ ಜಾಗವನ್ನೆಲ್ಲ ತುಂಬಿಬಿಡುತ್ತವೆ. ವ್ಯಂಜನ ಅಡಿಯಲ್ಲಿ ಹೂತುಹೋಗುತ್ತದೆ. ಹಾಡುಗಾರ ಕಿರುಚಿದರೆ ಸ್ವರವೇ ಇನ್ನೂ ದೊಡ್ಡದಾಗುತ್ತದೆ, ವ್ಯಂಜನ ಅಲ್ಲ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಆದ್ದರಿಂದ ‘ಜೋರಾಗಿ ಹಾಕಿ ಕೇಳೋಣ’ ಅನ್ನುವುದರಿಂದ ಪಕ್ಕದ ಮನೆಯವರಿಗೆ ತೊಂದರೆಯೇ ಹೊರತು ವಾದಕ್ಕೆ ಉಪಯೋಗ ಇಲ್ಲ.

ಇಷ್ಟು ಬಾಯಿಯ ಕತೆ. ಉಳಿದದ್ದು ತಲೆಯೊಳಗಿನದು. 1970ರಲ್ಲಿ ರಿಚರ್ಡ್ ವಾರೆನ್ ಎಂಬ ಅಮೆರಿಕದ ವಿಜ್ಞಾನಿ ರೆಕಾರ್ಡ್ ಮಾಡಿದ ಒಂದು ವಾಕ್ಯದಲ್ಲಿ ಒಂದೇ ಒಂದು ‘ಸ’ಕಾರವನ್ನು ಕತ್ತರಿಸಿ ತೆಗೆದರು. ಆ ಜಾಗಕ್ಕೆ ಕೆಮ್ಮಿನ ಸದ್ದು ಅಂಟಿಸಿದರು. ಕೇಳಿದವರಲ್ಲಿ ಬಹುತೇಕ ಯಾರಿಗೂ ಅಕ್ಷರ ಬಿಟ್ಟುಹೋಗಿದ್ದು ತಿಳಿಯಲಿಲ್ಲ. ಪದ ಪೂರ್ತಿಯಾಗಿಯೇ ಕೇಳಿಸಿತ್ತು. ಕೆಮ್ಮಿದ್ದು ಯಾವ ಅಕ್ಷರದ ಮೇಲೆ ಅಂತಲೂ ಅವರಿಗೆ ಸರಿಯಾಗಿ ತೋರಿಸಲು ಆಗಲಿಲ್ಲ. ಅಂದರೆ ಮಿದುಳು ಇಲ್ಲದ ಅಕ್ಷರವನ್ನು ತಾನೇ ಹಾಕಿಕೊಂಡು, ಕಿವಿಗೇ ಬಿತ್ತು ಅಂತ ನಿಮಗೆ ಒಪ್ಪಿಸುತ್ತದೆ. ದಿನವಿಡೀ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ನಾವು ಮಾತು ಅರ್ಥ ಮಾಡಿಕೊಳ್ಳುವುದು ಈ ಉಪಕಾರದಿಂದಲೇ. ಹಾಡಿನಲ್ಲಿ ಅದೇ ಉಪಕಾರ ಉಪದ್ರವ ಆಗುತ್ತದೆ. ಮಾತಿನಲ್ಲಿ ಹಿಂದೆ ಮುಂದೆ ಒಂದು ಸಂದರ್ಭ ಇರುತ್ತದೆ. ಹಾಡಿನಲ್ಲಿ, ಅದರಲ್ಲೂ ರಾಕ್ ಹಾಡಿನಲ್ಲಿ, ಮುಂದಿನ ಸಾಲು ಏನು ಬೇಕಾದರೂ ಆಗಿರಬಹುದು.

ಒಂದು ಉದಾಹರಣೆಯನ್ನು ಬಿಡಿಸಿಯೇ ತೋರಿಸುತ್ತೇನೆ, ಕೈ ಅಡ್ಡ ಹಿಡಿದು ನೀವೇ ಮಾಡಿ ನೋಡಬಹುದು. 1967ರ ‘ಪರ್ಪಲ್ ಹೇಜ್’ನಲ್ಲಿ ಜಿಮಿ ಹೆಂಡ್ರಿಕ್ಸ್ ಆಕಾಶಕ್ಕೆ ಮುತ್ತಿಡುತ್ತೇನೆ ಅನ್ನುತ್ತಾರೆ, ‘ಕಿಸ್ ದ ಸ್ಕೈ’. ಲಕ್ಷಾಂತರ ಜನ ಅದನ್ನು ‘ಕಿಸ್ ದಿಸ್ ಗೈ’ ಅಂತ ಕೇಳಿದ್ದಾರೆ, ಈ ಗಂಡಸಿಗೆ ಮುತ್ತಿಡುತ್ತೇನೆ ಅಂತ. ಹೇಗಾಯಿತು ಇದು? ‘ಸ’ಕಾರ ಎಡಕ್ಕೆ ಸರಿದು ‘ದ’ ಜೊತೆ ಸೇರಿಕೊಂಡಿತು, ಸರಿ. ಆದರೆ ಕ ಯಾಕೆ ಗ ಆಯಿತು?

ಅಂಗೈಯನ್ನು ತುಟಿಯ ಮುಂದೆ ಹಿಡಿಯಿರಿ. ಇಂಗ್ಲಿಷಿನವರ ಹಾಗೆ ‘ಕಿಂಗ್’ ಅನ್ನಿ, ಖಿಂಗ್ ಅನ್ನುವಷ್ಟು ಉಸಿರು ಬಿಟ್ಟು. ಅಂಗೈಗೆ ಗಾಳಿ ಬಡಿಯುತ್ತದೆ. ಈಗ ‘ಸ್ಕೈ’ ಅನ್ನಿ. ಗಾಳಿ ಇಲ್ಲ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಕ ಸುಮಾರಾಗಿ ನಮ್ಮ ಖ. ‘ಸ’ಕಾರದ ನಂತರ ಬರುವ ಕ ಮಾತ್ರ ನಮ್ಮ ಶುದ್ಧ ಕ. ನಮಗೆ ಕ, ಖ, ಗ ಮೂರೂ ಬೇರೆ, ಒಂದನೇ ಕ್ಲಾಸಿನಲ್ಲೇ ತಿದ್ದಿದ್ದೇವೆ. ಅವರ ಕಿವಿಗೆ ಇರುವುದು ಎರಡೇ ಮನೆ. ಉಸಿರಿದ್ದರೆ ಕ, ಉಸಿರಿಲ್ಲದಿದ್ದರೆ ಗ. ರೆಕಾರ್ಡ್ ಮಾಡಿದ ‘ಸ್ಕೈ’ಯಿಂದ ‘ಸ’ಕಾರವನ್ನು ಕತ್ತರಿಸಿ ಉಳಿದದ್ದನ್ನು ಕೇಳಿಸಿದರೆ ಅವರು ‘ಗೈ’ ಅಂತಲೇ ಹೇಳುತ್ತಾರೆ. ಮಾತು, ಕಿವಿಗೆ ಸಂಬಂಧಿಸಿದ ನಮ್ಮ ಕ್ಷೇತ್ರದಲ್ಲಿ ಇದು ವಿದ್ಯಾರ್ಥಿಗಳಿಗೆ ತೋರಿಸುವ ಹಳೆಯ ಪ್ರಯೋಗ. ಹಾಗಾಗಿ ಅಲ್ಲಿ ಕೇಳುಗರು ದಡ್ಡರೇನಲ್ಲ. ‘ಸ’ಕಾರ ಒಮ್ಮೆ ಪಕ್ಕದ ಪದಕ್ಕೆ ಹೋದರೆ ‘ಗೈ’ ಬಿಟ್ಟು ಬೇರೆ ದಾರಿ ಅವರಿಗಿಲ್ಲ. ಅಮೆರಿಕದಲ್ಲಿರುವ ನಮ್ಮ ಪೈಗಳನ್ನು ಕೇಳಿ ನೋಡಿ. ಫೋನಿನಲ್ಲಿ ಹೆಸರು ಹೇಳಿದರೆ ‘ಬೈ’ ಅಂತ ಬರೆದುಕೊಳ್ಳುವುದು ಇದೇ ಕಾರಣಕ್ಕೆ.

ಪದ ಎಲ್ಲಿ ಮುರಿಯಬೇಕು ಅನ್ನುವುದೇ ಇಲ್ಲಿ ಮುಖ್ಯ ತೊಡಕು. ಸದ್ದಿನ ನಡುವೆ ಬರಹದಲ್ಲಿರುವ ಹಾಗೆ ಜಾಗ ಬಿಟ್ಟಿರುವುದಿಲ್ಲ, ಕಿವಿಯೇ ಕತ್ತರಿಸಿಕೊಳ್ಳಬೇಕು. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವರಿದ್ದಾಗ ತಾಯಿ ಒಂದು ಸ್ಕಾಟಿಷ್ ಲಾವಣಿ ಓದುತ್ತಿದ್ದರಂತೆ. ಸರದಾರನನ್ನು ಕೊಂದು ‘ಲೇಯ್ಡ್ ಹಿಮ್ ಆನ್ ದ ಗ್ರೀನ್’, ಹುಲ್ಲಿನ ಮೇಲೆ ಮಲಗಿಸಿದರು ಅಂತ. ಮಗುವಿಗೆ ಕೇಳಿಸಿದ್ದು ‘ಲೇಡಿ ಮಾಂಡೆಗ್ರೀನ್’. ಪಾಪ, ಸರದಾರನ ಜೊತೆ ಸತ್ತ ಒಬ್ಬ ಸುಂದರ ಹೆಂಗಸು! 1954ರಲ್ಲಿ ಅವರು ಇದನ್ನು ಬರೆದ ಮೇಲೆ ಇಂಥ ತಪ್ಪು ಕೇಳ್ಮೆಗಳಿಗೆಲ್ಲ ‘ಮಾಂಡೆಗ್ರೀನ್’ ಅನ್ನುವ ಹೆಸರೇ ನಿಂತಿತು.

ಈಗ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ನೀವು ಬರೆದ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ಒಂದೇ: ಮತ್ತೆ ಮತ್ತೆ ಹಾಕಿ ಕೇಳಿದೆವು, ಎರಡು ಪಕ್ಷ ಆಯಿತು. ಆಗಲೇಬೇಕು. ಒಮ್ಮೆ ಒಬ್ಬರು ‘ಹೌಸ್’ ಅಂತ ಬಾಯಿಬಿಟ್ಟು ಹೇಳಿದ ಮೇಲೆ ನಡೆಯುವುದು ಕೇಳುವ ಕೆಲಸ ಅಲ್ಲ, ಹೊಂದಿಸುವ ಕೆಲಸ.

2007ರಲ್ಲಿ ಯೂಟ್ಯೂಬಿನಲ್ಲಿ ಹರಿದಾಡಿದ ‘ಬೆನ್ನಿ ಲಾವಾ’ ನೋಡಿದ್ದೀರಾ? ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಕುಣಿಯುವ ‘ಕಲ್ಲೂರಿ ವಾನಿಲ್’ ಎಂಬ ತಮಿಳು ಹಾಡು ಅದು. ಅಮೆರಿಕದ ಒಬ್ಬರು ತಮಿಳು ಸದ್ದಿಗೆ ಹತ್ತಿರ ಬರುವ ಇಂಗ್ಲಿಷ್ ಪದಗಳನ್ನು ಹುಡುಕಿ ಕೆಳಗೆ ಬರೆದುಬಿಟ್ಟರು. ಅರ್ಥವಿಲ್ಲದ ತಲೆಹರಟೆ ಪದಗಳು. ಆದರೆ ಓದುತ್ತಾ ಕೇಳಿದರೆ ತಮಿಳು ಬಲ್ಲವರಿಗೂ ಆ ಇಂಗ್ಲಿಷೇ ಕೇಳಲು ಶುರುವಾಗುತ್ತದೆ. ಕಣ್ಣು ಮುಚ್ಚಿಕೊಂಡರೆ ತಮಿಳು ವಾಪಸ್ ಬರುತ್ತದೆ.

ಇದರ ಪ್ರಯೋಗಶಾಲೆಯ ರೂಪ 1981ರದ್ದು. ರಾಬರ್ಟ್ ರೆಮೆಜ್ ಮತ್ತು ಜೊತೆಗಾರರು ಒಂದು ವಾಕ್ಯದ ಸದ್ದಿನಿಂದ ಬಹುಪಾಲನ್ನು ತೆಗೆದುಹಾಕಿ, ಏರಿಳಿಯುವ ಮೂರು ಸಿಳ್ಳೆಗಳನ್ನಷ್ಟೇ ಉಳಿಸಿದರು. ಸುಮ್ನೆ ಕೇಳಿದವರಿಗೆ ಅದು ಯಾವುದೋ ವಿಜ್ಞಾನ ಸಿನಿಮಾದ ಕೀಚು ಸದ್ದು. ‘ಇದು ಒಂದು ವಾಕ್ಯ’ ಅಂತ ಹೇಳಿಕೊಟ್ಟ ಮೇಲೆ ಅದೇ ಸಿಳ್ಳೆಯಲ್ಲಿ ಮಾತು ಕೇಳತೊಡಗಿತು. ಒಮ್ಮೆ ಹಾಗೆ ಕೇಳಿದ ಮೇಲೆ ಮೊದಲಿನ ಹಾಗೆ ಬರೀ ಸಿಳ್ಳೆಯಾಗಿ ಕೇಳಿಸಿಕೊಳ್ಳುವುದು ಬಲು ಕಷ್ಟ. ಗೆಳೆಯರಲ್ಲಿ ನಿಮ್ಮ ಪಕ್ಕ ಕೂತವರು ನಿಮ್ಮ ಪಕ್ಷ, ಅಳಿಯನ ಪಕ್ಕ ಕೂತವರು ಅವನ ಪಕ್ಷ ಆಗಿರಬೇಕು, ಅಲ್ವಾ?

ಸರ್ಕಾರವೇ ಈ ಹಳ್ಳಕ್ಕೆ ಬಿದ್ದ ಕತೆ ಒಂದಿದೆ. ನನ್ನ ಮಟ್ಟಿಗೆ ತಪ್ಪು ಕೇಳ್ಮೆಯ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ‘ಲೂಯಿ ಲೂಯಿ’ ಹಾಡನ್ನು ರಿಚರ್ಡ್ ಬೆರ್ರಿ ಬರೆದಿದ್ದು 1955ರಲ್ಲಿ. ಹಡಗಿನ ಕೆಲಸಗಾರನೊಬ್ಬ ಬಾರಿನಲ್ಲಿ ಲೂಯಿ ಅನ್ನುವವನ ಹತ್ತಿರ ತನ್ನ ಹುಡುಗಿಯ ನೆನಪು ಹೇಳಿಕೊಳ್ಳುತ್ತಾನೆ. ಮೂರು ರಾತ್ರಿ ಮೂರು ಹಗಲು ಸಮುದ್ರದ ಮೇಲೆ ಹೋಗಬೇಕು, ಅವಳು ಕಾಯುತ್ತಿದ್ದಾಳೆ, ನಾನು ಹೊರಡಬೇಕು. ಕತೆ ಅಷ್ಟೇ, ಅಜ್ಜಿಯ ಮುಂದೆಯೂ ಹಾಡಬಹುದು. ಬೆರ್ರಿ ಅದರ ಹಕ್ಕನ್ನು 750 ಡಾಲರಿಗೆ ಮಾರಿಕೊಂಡರು.

1963ರ ಏಪ್ರಿಲ್‌ನಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕಿಂಗ್ಸ್‌ಮೆನ್ ಎಂಬ ಹುಡುಗರ ಬ್ಯಾಂಡು ಅದನ್ನು ರೆಕಾರ್ಡ್ ಮಾಡಿತು. ಖರ್ಚು ಐವತ್ತು ಡಾಲರಿನ ಆಸುಪಾಸು. ಮೈಕನ್ನು ಮೇಲೆ, ಚಾವಣಿಯ ಕಡೆ ತೂಗುಹಾಕಿದ್ದರು. ಹಾಡುಗಾರ ಜ್ಯಾಕ್ ಈಲಿ ಕತ್ತು ಎತ್ತಿ, ತುದಿಗಾಲಲ್ಲಿ ನಿಂತು ಕೂಗಿ ಹಾಡಿದರು. ಹಲ್ಲಿಗೆ ಬ್ರೇಸ್ ಬೇರೆ ಹಾಕಿಸಿಕೊಂಡಿದ್ದರು. ಗಿಟಾರ್ ಸೋಲೋ ಮುಗಿದ ಮೇಲೆ ಒಂದು ಸಾಲನ್ನು ಬೇಗ ಶುರುಮಾಡಿ ತಡವರಿಸಿದ್ದು ಕೂಡ ಹಾಗೇ ಉಳಿದಿದೆ. ಬಾಯಿ, ಮೈಕು, ಬ್ಯಾಂಡು ಮೂರೂ ಸೇರಿ ಪದಗಳ ಕುತ್ತಿಗೆ ಹಿಸುಕಿದ್ದವು. ಹಾಡು ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು.

ಅರ್ಥ ಆಗದ ಹಾಡು, ಕೇಳುವವರು ಹದಿಹರೆಯದವರು. ಇನ್ನೇನು ಆಗಬೇಕೋ ಅದೇ ಆಯಿತು. ಪೋಲಿ ಸಾಹಿತ್ಯವೊಂದು ಹುಟ್ಟಿಕೊಂಡಿತು. ಒಂದಲ್ಲ, ಊರಿಗೊಂದು. ಕೈಯಲ್ಲಿ ಬರೆದ ಚೀಟಿಗಳು ಶಾಲೆಯಿಂದ ಶಾಲೆಗೆ ಹೋದವು. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡನ್ನು 33 ಸುತ್ತಿನ ನಿಧಾನ ವೇಗದಲ್ಲಿ ತಿರುಗಿಸಿದರೆ ನಿಜವಾದ ಪದ ಕೇಳುತ್ತದೆ ಅನ್ನುವ ಸುದ್ದಿ ಹಬ್ಬಿತು. ಚೀಟಿ ಕೈಯಲ್ಲಿ ಹಿಡಿದು ಕೇಳಿದವರಿಗೆಲ್ಲ ಕೇಳಿಯೂ ಕೇಳಿತು! 1964ರ ಆರಂಭದಲ್ಲಿ ಒಬ್ಬ ಪೋಷಕರು ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರಿಗೇ ದೂರು ಬರೆದರು. ಇಂಡಿಯಾನಾ ರಾಜ್ಯದ ಗವರ್ನರ್ ಮ್ಯಾಥ್ಯೂ ವೆಲ್ಷ್ ಇದು ಅಶ್ಲೀಲ ಅಂದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೈಗೆ ಕೇಸು ಹೋಯಿತು.

ಎಫ್‌ಬಿಐ ಲ್ಯಾಬಿನವರು ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದರು. ವೇಗ ಇಳಿಸಿದರೆ ಪದ ಬಿಡಿಯಾಗುತ್ತದೆ ಅನ್ನುವುದು ಬಹಳ ಜನರ ನಂಬಿಕೆ. ರೆಕಾರ್ಡ್ ನಿಧಾನ ತಿರುಗಿದರೆ ಸಮಯ ಮಾತ್ರ ಹಿಗ್ಗುವುದಿಲ್ಲ, ಇಡೀ ಸದ್ದೇ ಕೆಳಕ್ಕೆ ಇಳಿಯುತ್ತದೆ. ಒಂದು ಸ್ವರ ಇನ್ನೊಂದರಂತೆ, ‘ಸ’ಕಾರ ‘ಶ’ಕಾರದಂತೆ ಕೇಳತೊಡಗುತ್ತದೆ. ಇದ್ದ ಗುರುತೂ ಕೆಡುತ್ತದೆ, ಊಹೆಗೆ ಜಾಗ ಇನ್ನೂ ಜಾಸ್ತಿ ಸಿಗುತ್ತದೆ. ಎರಡು ವರ್ಷಕ್ಕೂ ಮೀರಿ ನಡೆದ ತನಿಖೆ ನೂರಕ್ಕೂ ಹೆಚ್ಚು ಪುಟ ತುಂಬಿಸಿತು. ಕೊನೆಗೆ ಬಂದ ತೀರ್ಮಾನ: ಪದಗಳು ಇಂಥವೇ ಅಂತ ಹೇಳಲಾಗುವುದಿಲ್ಲ, ಆದ್ದರಿಂದ ಅಶ್ಲೀಲ ಅಂತಲೂ ಹೇಳಲಾಗುವುದಿಲ್ಲ. ತಮಾಷೆಯೆಂದರೆ ಹಾಡು ಶುರುವಾಗಿ 54 ಸೆಕೆಂಡಿಗೆ ಡ್ರಮ್ಮರ್ ಕಡ್ಡಿ ತಪ್ಪಿ ನಿಜವಾಗಿಯೂ ಒಂದು ಕೆಟ್ಟ ಬೈಗುಳ ಕೂಗುವುದು ಹಿನ್ನೆಲೆಯಲ್ಲಿ ಕೇಳುತ್ತದೆ. ಇಡೀ ತನಿಖೆ ಅದನ್ನು ಬಿಟ್ಟುಬಿಟ್ಟಿತು. ಚೀಟಿಯಲ್ಲಿ ಅದು ಇರಲಿಲ್ಲವಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಕಿವಿಯನ್ನು ಬಿಟ್ಟು ಹೊರಗೆ ಹೋಗಬೇಕು. ಪ್ರಾಸದ ಬಗ್ಗೆ ಹೇಳಿದೆ. ಆಲ್ಬಮ್ ಜೊತೆ ಅಚ್ಚಾದ ಹಾಳೆ ಇದ್ದರೆ ಮುಗಿಯಿತು. ಬೇರೆಯವರು ಹಾಡಿದ ಹಾಡಾದರೆ ಮೂಲದ ರೆಕಾರ್ಡ್ ಹುಡುಕಿ. ‘ಲೂಯಿ ಲೂಯಿ’ಯನ್ನು ಬೆರ್ರಿ ತಾವೇ 1957ರಲ್ಲಿ ಹಾಡಿದ್ದರು, ಅದರಲ್ಲಿ ಪ್ರತಿ ಪದವೂ ತಿಳಿಯುತ್ತದೆ. ಯಾರಾದರೂ ಅದನ್ನು ಹಾಕಿ ಕೇಳಿದ್ದರೆ ಅಷ್ಟು ಪುಟ ಉಳಿಯುತ್ತಿತ್ತು.

ಆದರೆ ಮೂಲವೂ ಕೈಕೊಡುವುದುಂಟು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1973ರಲ್ಲಿ ಹಾಡಿದ ‘ಬ್ಲೈಂಡೆಡ್ ಬೈ ದ ಲೈಟ್’ ಹಾಡನ್ನು ಮ್ಯಾನ್‌ಫ್ರೆಡ್ ಮ್ಯಾನ್ಸ್ ಅರ್ಥ್ ಬ್ಯಾಂಡ್ 1976ರಲ್ಲಿ ಮತ್ತೆ ಹಾಡಿ, ಪದವನ್ನೂ ಸ್ವಲ್ಪ ಬದಲಿಸಿತು. ಅದರಲ್ಲಿ ‘ಡ್ಯೂಸ್’ ಅಂತ ಒಂದು ಮಾತಿದೆ. 1932ರ ಫೋರ್ಡ್ ಕಾರಿಗೆ ಕಾರಿನ ಹುಚ್ಚಿನವರು ಇಟ್ಟ ಅಡ್ಡಹೆಸರು. ಆ ಕಾರು ಗೊತ್ತಿಲ್ಲದವರೆಲ್ಲ ಅದನ್ನು ಹೆಂಗಸರು ಬಳಸುವ ಒಂದು ಶುಚಿ ಸಾಧನದ ಹೆಸರಾಗಿ ಕೇಳಿಸಿಕೊಂಡರು. ಹಾಡು 1977ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಗೆದ್ದಿದ್ದೇ ಅದರಿಂದ ಅಂತ ಸ್ಪ್ರಿಂಗ್‌ಸ್ಟೀನ್ ಆಮೇಲೆ ನಗೆಯಾಡಿದರು. ಗೊತ್ತಿರುವ ಪದ, ಗೊತ್ತಿಲ್ಲದ ಪದ ಎರಡೂ ಹತ್ತಿರ ಇದ್ದರೆ ಕಿವಿ ಯಾವಾಗಲೂ ಗೊತ್ತಿರುವುದರ ಕಡೆಗೇ ವಾಲುತ್ತದೆ.

ವೇದಿಕೆ ಮೇಲೆ ಹಾಡಿದ್ದು ಪುರಾವೆ ಅಲ್ಲ. 1969ರ ‘ಬ್ಯಾಡ್ ಮೂನ್ ರೈಸಿಂಗ್’ ಹಾಡಿನಲ್ಲಿ ಕೆಟ್ಟ ಚಂದ್ರ ಮೂಡುವುದನ್ನು, ‘ಬ್ಯಾಡ್ ಮೂನ್ ಆನ್ ದ ರೈಸ್’ ಅನ್ನುವುದನ್ನು, ಜನ ‘ಬಾತ್‌ರೂಮ್ ಆನ್ ದ ರೈಟ್’, ಬಲಗಡೆ ಬಾತ್‌ರೂಮ್ ಇದೆ ಅಂತ ಕೇಳಿಸಿಕೊಂಡರು. ಬರೆದ ಜಾನ್ ಫೋಗರ್ಟಿಯವರೇ ಆಮೇಲೆ ಕಾರ್ಯಕ್ರಮಗಳಲ್ಲಿ ಬೇಕೆಂದೇ ಬಾತ್‌ರೂಮ್ ಅಂತ ಹಾಡಿದ್ದಾರೆ. ಫೋನಿನ ಆ್ಯಪಿನಲ್ಲಿ ಓಡುವ ಸಾಹಿತ್ಯವನ್ನೂ ನಂಬಿ ಕೂರಬೇಡಿ. ಎಷ್ಟೋ ಸಲ ಅದು ನಿಮ್ಮ ಹಾಗೆಯೇ ಯಾರೋ ಕಿವಿಗೊಟ್ಟು ಬರೆದದ್ದು.

ನಮ್ಮ ಕನ್ನಡದ ಕಿವಿಯ ಪಾತ್ರವೂ ಇದರಲ್ಲಿ ಇದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳಿಗೆ ಎರಡೂ ಬೇರೆ ಅಂತ ತಿಳಿಯುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಅದೇ ಮನೆಗಳ ಕೂಸುಗಳಿಗೆ ಹೆಚ್ಚುಕಡಿಮೆ ಆ ವ್ಯತ್ಯಾಸವೇ ಕೇಳುತ್ತಿರಲಿಲ್ಲ. ಮನೆಯಲ್ಲಿ ಬೇಕಿಲ್ಲದ್ದನ್ನು ಕಿವಿ ಬಿಟ್ಟುಬಿಟ್ಟಿತ್ತು. ನಮ್ಮ ಪಾಲಿಗೆ ಉಲ್ಟಾ. ತ, ಟ ಸಲೀಸು, ಆದರೆ ಇಂಗ್ಲಿಷಿನ ಎರಡು ಬಗೆಯ ‘ವ’ ನಮಗೆ ಒಂದೇ. ಅವರ ‘ವೆಸ್ಟ್’ ಬನಿಯನ್ನೂ ಆಗಬಹುದು, ಪಶ್ಚಿಮವೂ ಆಗಬಹುದು. ಜೊತೆಗೆ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪೂರ್ತಿ ಸ್ವರ ಕೊಟ್ಟು ಅಭ್ಯಾಸ. ಇಂಗ್ಲಿಷಿನವರು ಸಣ್ಣ ಪದಗಳನ್ನು ನುಂಗುತ್ತಾರೆ. ನಾವು ಆ ನುಂಗಿದ ಜಾಗಕ್ಕೂ ಏನಾದರೊಂದು ಕೂರಿಸುತ್ತೇವೆ. ನಿಮ್ಮ ‘ಆಲ್ ದಿ’ ಹಾಗೆ ಬಂದದ್ದೇ ಇರಬೇಕು.

ಗೊತ್ತಿರುವ ಭಾಷೆಯಲ್ಲಿ ತಪ್ಪು ಬೇರೆ ಥರ ಆಗುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡನ್ನು ನಾಲ್ಕು ಮನೆಗಳಲ್ಲಿ ಕೇಳಿ. ಗೆಜ್ಜೆ ಕಾಲ್ಗಳ ‘ಧ್ವನಿಯ ತೋರುತ’ ಅನ್ನುವವರೂ ಇದ್ದಾರೆ, ‘ನಾದವ ತೋರುತ’ ಅನ್ನುವವರೂ ಇದ್ದಾರೆ. ಧ್ವನಿ, ನಾದ ಸದ್ದಿನಲ್ಲಿ ಹತ್ತಿರ ಇಲ್ಲ, ಅರ್ಥದಲ್ಲಿ ಹತ್ತಿರ. ಇಲ್ಲಿ ಬದಲಿಸಿದ್ದು ಕಿವಿಯಲ್ಲ, ನೆನಪು. ಭಾಷೆ ಬಾರದವರು ಸದ್ದು ಉಳಿಸಿಕೊಂಡು ಅರ್ಥ ಕಳೆಯುತ್ತಾರೆ, ಬಲ್ಲವರು ಅರ್ಥ ಉಳಿಸಿಕೊಂಡು ಸದ್ದು ಬದಲಿಸುತ್ತಾರೆ. ಹಾಡಿನ ಪಾಠಾಂತರ ನೋಡಿದರೆ ಅದು ಯಾವ ಥರದ ಬಾಯಿಂದ ಬಂತು ಅಂತ ಒಂದು ಅಂದಾಜು ಸಿಗುತ್ತದೆ.

ಮತ್ತೊಮ್ಮೆ ಗೆಳೆಯರು ಸೇರಿದಾಗ ಹೀಗೆ ಮಾಡಿ. ಹಾಡು ಕೇಳಿರದವರನ್ನು ನಾಲ್ಕೈದು ಜನ ಕರೆಯಿರಿ. ಯಾರೂ ಬಾಯಿ ಬಿಡಬಾರದು. ಸಾಲನ್ನು ಎರಡು ಸಲ ಮಾತ್ರ ಹಾಕಿ, ಎಲ್ಲರೂ ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಲಿ. ಇಂಗ್ಲಿಷಿನಲ್ಲಿ ಬರೆಸಬೇಡಿ, ಸ್ಪೆಲ್ಲಿಂಗ್ ಹುಡುಕುವಾಗಲೇ ಇರುವ ಪದಕ್ಕೆ ಜಾರಿಬಿಡುತ್ತಾರೆ. ಆಮೇಲೆ ಚೀಟಿಗಳನ್ನು ಸಾಲಾಗಿ ಇಡಿ. ವ್ಯಂಜನ ಚೆಲ್ಲಾಪಿಲ್ಲಿ ಇರುತ್ತದೆ, ಸ್ವರಗಳು ಬಹುಮಟ್ಟಿಗೆ ಒಂದೇ ಇರುತ್ತವೆ. ಆ ಸ್ವರಗಳು ಸಾಕ್ಷಿ, ಉಳಿದದ್ದು ಊಹೆ.

ಇನ್ನು ನಿಮ್ಮ ಕಿವಿ. ಹಾಡಿನ ಪದ ತಿಳಿಯದಿದ್ದರೆ ಕಿವಿ ಕೆಟ್ಟಿದೆ ಅಂತ ಅರ್ಥ ಅಲ್ಲ, ಅದರಲ್ಲೂ ಈ ಹಾಡಿನದ್ದು. ಆದರೆ ಐವತ್ತು ದಾಟಿದ ಮೇಲೆ ಮೇಲಿನ ಹರ್ಟ್ಸ್‌ಗಳು ನಿಧಾನವಾಗಿ ಮಂಕಾಗುವುದು ಸಹಜ. ಹಾಗೆ ಆದವರು ನಮ್ಮ ಹತ್ತಿರ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಕೇಳಿಸುತ್ತೆ, ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ.’ ಸ್ವರ ಬಂದು ವ್ಯಂಜನ ಬರದಿದ್ದರೆ ಹಾಗಾಗುತ್ತದೆ. ಮನೆಯವರ ಮಾತಿನಲ್ಲೂ ‘ಸ’, ‘ಶ’, ‘ತ’ ತಪ್ಪುತ್ತಿದ್ದರೆ, ಮಕ್ಕಳು ಮತ್ತು ಹೆಂಗಸರ ದನಿಯೇ ಜಾಸ್ತಿ ಕಷ್ಟ ಅನ್ನಿಸಿದರೆ, ಟಿವಿ ಸದ್ದಿಗೆ ಮನೆಯಲ್ಲಿ ಜಗಳ ಆಗುತ್ತಿದ್ದರೆ, ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಪರೀಕ್ಷೆ ಮಾಡಿಸಿ. 250ರಿಂದ 8,000 ಹರ್ಟ್ಸ್‌ವರೆಗೆ ಬೀಪ್ ಕೇಳಿಸುತ್ತಾರೆ, ಆಮೇಲೆ ಪದಗಳನ್ನು ಹೇಳಿ ನಿಮ್ಮಿಂದ ಹೇಳಿಸುತ್ತಾರೆ. ನೋವಿಲ್ಲ, ಅರ್ಧ ಗಂಟೆಯ ಕೆಲಸ. ಒಂದು ಕಿವಿ ಮಾತ್ರ ಇದ್ದಕ್ಕಿದ್ದಂತೆ ಮಂಕಾದರೆ ಮಾತ್ರ ತಡ ಮಾಡದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅಳಿಯನನ್ನೂ ಜೊತೆಗೆ ಕರೆದೊಯ್ಯಿರಿ. ಸ್ಪೀಕರಿನ ಪಕ್ಕ ನಿಂತು ಪ್ರಾಕ್ಟೀಸ್ ಮಾಡುವ ಹುಡುಗರ ಕಿವಿಯ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಗಣೇಶನ ಕಾರ್ಯಕ್ರಮದಲ್ಲಿ ಅವನು ‘ಬಾರ್ಗಲ್ ನಾಡಲ್ ಝೌಸ್’ ಅಂತಲೇ ಹಾಡಲಿ. ಅಥವಾ ಅಕ್ಷರಗಳ ಲೆಕ್ಕ ಮತ್ತು ಕೊನೆಯ ಔ ಇಟ್ಟುಕೊಂಡು ತನ್ನದೇ ಏನಾದರೂ ಗೊಣಗಲಿ, ನಗು ಅಷ್ಟೇ ಬರುತ್ತದೆ. ನಿಜವಾದ ಗೋಲಿ ಮಾತ್ರ ಬೇಡ. ಹಾಡುವಾಗ ಉಸಿರನ್ನು ಬಾಯಿಂದಲೇ ಸರ್ರನೆ ಎಳೆದುಕೊಳ್ಳುತ್ತೇವೆ. ಗೋಲಿ ಅದರ ಜೊತೆ ಉಸಿರಿನ ದಾರಿಗೆ ಇಳಿದರೆ ತಮಾಷೆ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲುಗಳ ಹಿಂದೆ ಒತ್ತಿ ಹಿಡಿದು, ಎಂಥ ಅಕ್ಷರ ಬಂದರೂ ಮೇಲೆ ಎತ್ತದೆ ಹಾಡಲು ಹೇಳಿ. ಕೆನ್ನೆಯನ್ನು ಒಳಗಿನಿಂದ ಸ್ವಲ್ಪ ಉಬ್ಬಿಸಲಿ. ಗೋಲಿ ಇಟ್ಟ ಹಾಗೇ ಕೇಳುತ್ತದೆ.